ಕೊನೆಯ ಸ್ಟಾಪಿನ ಹೆಸರು

ಬಸ್ ನಿಲ್ದಾಣದ ಬೆಂಚು
ಬುಧವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ಮೇಣದ ವಾಸನೆಯ ನನ್ನ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಜ್ವರವಿಲ್ಲ, ಕೈಕಾಲು ಮುರಿದಿಲ್ಲ, ಯಾರ ಜೊತೆಗೂ ಓಡಿಹೋಗಿಲ್ಲ. ಈ ಸಾಲನ್ನು ಅಮ್ಮನಿಗೆ ಎರಡು ಸಲ ಓದಿ ಹೇಳು.

ಶನಿವಾರ ವಿಮಾನದಿಂದ ಇಳಿದವರಲ್ಲಿ ನಾನಿರಲಿಲ್ಲ. ದೊಡ್ಡ ಡಾಕ್ಟರ್ ನಿಮಗೆ, "ಸಣ್ಣದೊಂದು ಕೆಲಸ ಉಳೀತು, ಮುಗಿಸ್ಕೊಂಡು ಬರ್ತಾಳೆ" ಎಂದು ಹೇಳಿರುತ್ತಾರೆ. ಅವರಿಗೆ ಎಲ್ಲವನ್ನೂ ಬ್ಯಾಂಡೇಜು ಸುತ್ತಿ ಹೇಳಿಯೇ ಅಭ್ಯಾಸ. ಉಳಿದದ್ದು ಕೆಲಸವಲ್ಲ, ತಪ್ಪು. ಅರ್ಧ ನನ್ನದು. ಇನ್ನರ್ಧ ಯಾರದು ಎಂದು ಹೇಳುವುದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಫೋನಿನಲ್ಲಾದರೆ ನೀನು ನಡುವೆಯೇ "ಆಯ್ತಾಯ್ತು, ಇಡು" ಅನ್ನುತ್ತೀಯ. ಬರೆದು ಮುಗಿಸಿದ ಮೇಲೆ ನರ್ಸಕ್ಕ ಇದರ ಫೋಟೋ ತೆಗೆದು ದೊಡ್ಡ ಡಾಕ್ಟರಿಗೆ ಕಳಿಸುತ್ತಾಳೆ, ಅವರು ಪ್ರಿಂಟು ಹಾಕಿಸಿ ನಿನ್ನ ಕೈಗೆ ಕೊಡುತ್ತಾರೆ. ಓದುವಾಗ ಸಿಟ್ಟು ಬಂದರೆ ಕಾಗದವನ್ನು ಪ್ಲಾಸ್ಟರಿನ ಡಬ್ಬದ ಮೇಲಿಟ್ಟು, ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದು ಮುಂದೆ ಓದು. ಹರಿಯಬೇಡ, ಮತ್ತೆ ಬರೆಯುವಷ್ಟು ತಾಳ್ಮೆ ನನಗಿಲ್ಲ ಅಂತ ನಿನಗೇ ಗೊತ್ತು.

ಮೊದಲಿಂದ ಹೇಳುತ್ತೇನೆ. ಹೊರದೇಶಕ್ಕೆ ಹೋಗಿ ಹಲ್ಲು ಕಟ್ಟಿಕೊಡುವ ಈ ಡಾಕ್ಟರ ತಂಡದವರು ಕರೆದದ್ದು ನಿನ್ನನ್ನು, ನೀನು ಕಳಿಸಿದ್ದು ನನ್ನನ್ನು. ಸ್ವಯಂಸೇವಕರ ಫಾರಂನಲ್ಲಿ ಓದು ಎಂದು ಇದ್ದ ಕಡೆ ನಾನು "ಒಂಬತ್ತೂವರೆ ಕ್ಲಾಸು, ನಾನೇ ಬಿಟ್ಟೆ" ಎಂದು ಬರೆದಿದ್ದೆ. ದೊಡ್ಡ ಡಾಕ್ಟರ್ ಅದನ್ನು ಓದಿ, "ಆ ಅರ್ಧ ಯಾಕಮ್ಮ?" ಎಂದು ಕೇಳಿದರು. ಪರೀಕ್ಷೆಯ ನಡುವೆ ಎದ್ದು ಬಂದೆ, ಅದಕ್ಕೆ ಅಂದೆ. ಅವರು ನಕ್ಕು ಸಹಿ ಹಾಕಿದರು. ಆಮೇಲೆ ಆರು ವಾರ ನನ್ನ ಕೈಯಿಂದ ಬಂದ ಹಲ್ಲಿನ ಸೆಟ್ಟುಗಳನ್ನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಯಾರ ಹತ್ರ ಕಲ್ತೆ?" ಎಂದು ಕೇಳುತ್ತಿದ್ದರು. ನಾನು ಪ್ರತಿ ಸಲವೂ ನಿನ್ನ ಹೆಸರೇ ಹೇಳಿದೆ. ಅದು ಸುಳ್ಳಲ್ಲ, ಆದ್ದರಿಂದ ಕಷ್ಟವಾಗಲಿಲ್ಲ.

ಇಲ್ಲಿ ನಮ್ಮ ಆಸ್ಪತ್ರೆ ಎಂದರೆ ಒಂದು ಡ್ಯಾನ್ಸ್ ಕಲಿಸುವ ಹಾಲು. ಒಂದು ಗೋಡೆ ತುಂಬ ಕನ್ನಡಿ. ಮೊದಲ ದಿನ ಬಂದವರೆಲ್ಲ ಹಲ್ಲಿಲ್ಲದ ಬಾಯಿ ತೆರೆದು ಕೂತು, ತಮ್ಮನ್ನು ತಾವೇ ನೋಡಿ ಹೆದರಿ ಬಾಯಿ ಮುಚ್ಚಿಬಿಟ್ಟರು. ಮರುದಿನ ಕನ್ನಡಿಗೆಲ್ಲ ಹಾಸಿಗೆ ಬಟ್ಟೆ ಹೊದಿಸಿದೆವು. ಹಲ್ಲು ಕೂತ ಮೇಲೆ ಬಟ್ಟೆಯ ಒಂದು ತುದಿ ಎತ್ತಿ ತೋರಿಸುವುದು ನನ್ನ ಕೆಲಸ. ಅಪ್ಪ, ಅದು ಎಂಥ ಕೆಲಸ ಗೊತ್ತಾ! ಒಬ್ಬ ಬಡಗಿ ಮುದುಕ ತನ್ನನ್ನು ನೋಡಿಕೊಂಡು, ಪಕ್ಕಕ್ಕೆ ಸರಿದು, ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದ.

ನರ್ಸಕ್ಕ ಯಾರು ಎಂದು ಹೇಳಲಿಲ್ಲ. ಇವಳು ಇದೇ ಊರಿನವಳು. ನಮ್ಮ ಕಡೆಗೆ ಬಂದು ನಾಲ್ಕು ವರ್ಷ ನರ್ಸ್ ಓದು ಓದಿ ಹೋದವಳು, ಹಾಗಾಗಿ ನಮಗೆ ದುಭಾಷಿ. ನಮ್ಮ ಮಾತನ್ನು ವಾರ್ಡಿನಲ್ಲೇ ಕಲಿತಿದ್ದಾಳೆ. "ಬಾಯಿ ತೆಗಿ, ಉಸಿರು ಬಿಡು, ಅಳಬೇಡ" ಚೆನ್ನಾಗಿ ಬರುತ್ತದೆ. 'ನೀವು' ಅನ್ನುವುದೊಂದು ಬರುವುದಿಲ್ಲ. ದೊಡ್ಡ ಡಾಕ್ಟರಿಗೂ, "ಡಾಕ್ಟರೇ, ನೀನು ಊಟ ಮಾಡು, ಮೂತಿ ಒಣಗಿದೆ" ಅನ್ನುತ್ತಾಳೆ. ಅವರು ಮಗುವಿನ ಹಾಗೆ ಎದ್ದು ಹೋಗುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ವಾರ ಒಬ್ಬ ಹೆಂಗಸು ಬಂದರು. ಐವತ್ತೈದರ ಮೇಲೆ ವಯಸ್ಸು, ನೆಟ್ಟಗೆ ನಿಲ್ಲುವವರು, ಇಸ್ತ್ರಿ ಮಾಡಿದ ನೀಲಿ ಕೋಟು. ಈ ಬಸ್ ನಿಲ್ದಾಣದ ಅನೌನ್ಸರಮ್ಮ. ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಇಪ್ಪತ್ತೆಂಟು ವರ್ಷ ಹೇಳಿದವರು. ಊರಿನವರು ಮುಖ ನೋಡಿ ಗುರುತಿಸುವುದಿಲ್ಲವಂತೆ. ಅಂಗಡಿಯಲ್ಲಿ ಸೋಪು ಕೇಳಿದರೆ ಸಾಕು, ನಾಲ್ಕು ಜನ ತಿರುಗಿ ನೋಡಿ, "ಓ, ನೀವಾ!" ಅನ್ನುತ್ತಿದ್ದರಂತೆ. ಒಸಡಿನ ಕಾಯಿಲೆಯಿಂದ ಮೇಲಿನ ಸಾಲು ಪೂರ್ತಿ ಹೋಯಿತು. ಎಂಟು ತಿಂಗಳಿಂದ ಮೈಕು ಬೇರೆ ಒಬ್ಬಳ ಕೈಯಲ್ಲಿದೆ, ಇವರನ್ನು ವಿಚಾರಣೆ ಕಿಟಕಿಯ ಹಿಂದೆ ಕೂರಿಸಿದ್ದಾರೆ. ಹಲ್ಲು ಕಟ್ಟಿಸಿಕೊಂಡರೆ ಇನ್ನೊಮ್ಮೆ ದನಿಯ ಪರೀಕ್ಷೆ ಮಾಡಿ ನೋಡುತ್ತೇವೆ ಎಂದು ಮೇಲಿನವರು ದಿನ ಗೊತ್ತುಮಾಡಿದ್ದರು. ಆ ದಿನ ಇವತ್ತು.

ಅವರ ಸೆಟ್ಟನ್ನು ನಾನು ನೀನು ಕಲಿಸಿದ ಹಾಗೇ ಕೂರಿಸಿದೆ. ಮುಂಹಲ್ಲು ತುಟಿಯ ಕೆಳಗೆ ಅಕ್ಕಿಕಾಳಿನಷ್ಟು ಇಣುಕಿದರೆ ಸಾಕು, ಜಾಸ್ತಿಯಾದರೆ ಮೊಲ ಅನ್ನುತ್ತೀಯಲ್ಲ, ಹಾಗೆ. ಕೂರಿಸಿ, ನಿನ್ನ ಪರೀಕ್ಷೆಯನ್ನೇ ಮಾಡಿದೆ. "ಸೊಸೆ ಸಂತೆಯಿಂದ ಸಾಸಿವೆ ತಂದಳು" ಎಂದು ಹೇಳಿಸಿದೆ. ನಮ್ಮ ಗಿರಾಕಿ ಅಜ್ಜಿಯರು ಅದನ್ನು ಹೇಳಿ ಮುಗಿಸಿದ ಕೂಡಲೇ, "ಅವಳೆಲ್ಲಿ ತರ್ತಾಳೆ, ನಾನೇ ಹೋಗ್ಬೇಕು" ಅನ್ನುತ್ತಾರಲ್ಲ, ಇವರಿಗೆ ಅರ್ಥವೇ ಗೊತ್ತಿಲ್ಲ, ಆದರೂ ಗಿಳಿಯ ಹಾಗೆ ಹೇಳಿದರು. ಒಂದು 'ಸ' ಕೂಡ ಸೋರಲಿಲ್ಲ. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸಣ್ಣ ಡಾಕ್ಟರ್ ವರದಿಗೆ ಹಾಕಲು ಅವರ ನಗುವಿನ ಫೋಟೋ ತೆಗೆದರು. ಅನೌನ್ಸರಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಏನೋ ಮೆಲ್ಲಗೆ ಹೇಳಿದರು. ನರ್ಸಕ್ಕ, "ಥ್ಯಾಂಕ್ಸ್ ಅಂತಿದೆ ಇದು" ಅಂದಳು. ನನ್ನ ಕಾಲು ಅವತ್ತೆಲ್ಲ ನೆಲದ ಮೇಲಿರಲಿಲ್ಲ.

ಕಳೆದ ಶುಕ್ರವಾರ ನಾವು ಪೆಟ್ಟಿಗೆಗಳನ್ನೆಲ್ಲ ಕಟ್ಟಿಕೊಂಡು ವಿಮಾನದ ಊರಿಗೆ ಹೋಗಲು ಇದೇ ನಿಲ್ದಾಣಕ್ಕೆ ಬಂದೆವು. ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಅಡ್ಡಾಡುತ್ತಾ ವಿಚಾರಣೆ ಕಿಟಕಿಯ ಹತ್ತಿರ ಹೋದೆ, ನನ್ನ ಹಲ್ಲುಗಳು ಕೆಲಸ ಮಾಡುವುದನ್ನು ನೋಡೋಣ ಎಂದು. ಗಾಜಿನ ಹಿಂದೆ ಅನೌನ್ಸರಮ್ಮ ಕೂತಿದ್ದರು. ಒಬ್ಬರು ಬಂದು ಏನೋ ಕೇಳಿದರು, ಇವರು ಚುರುಕಾಗಿ ಉತ್ತರ ಹೇಳಿದರು. ಇನ್ನೊಬ್ಬರು ಬಂದರು. ಇವರು ಬಾಯಿ ತೆರೆಯಲೇ ಇಲ್ಲ, ಪಕ್ಕದಲ್ಲಿದ್ದ ಚೀಟಿಗಳ ಕಟ್ಟಿನಿಂದ ಒಂದು ಚೀಟಿ ತೆಗೆದು ಕೊಟ್ಟು ನಕ್ಕರು. ಸ್ವಲ್ಪ ಹೊತ್ತಿಗೆ ಮತ್ತೊಬ್ಬರಿಗೆ ಮತ್ತೊಂದು ಚೀಟಿ. ಎಲ್ಲದರ ಮೇಲೂ ಒಂದೇ ಬರಹ. ನಾನು ನರ್ಸಕ್ಕನನ್ನು ಎಳೆದುಕೊಂಡು ಬಂದೆ. ಅವಳು ಓದಿ, "ಕೊನೆ ಸ್ಟಾಪಿನ ಹೆಸರು" ಅಂದಳು. ಕೈಯಲ್ಲೇ ಬರೆದದ್ದು, ಮೂವತ್ತು ನಲವತ್ತು ಚೀಟಿ.

"ಯಾಕೆ ಬರೆದಿಟ್ಟಿದ್ದಾರೆ, ಕೇಳು" ಅಂದೆ. ನರ್ಸಕ್ಕ ಕೇಳದೆ ನೆಲ ನೋಡಿದಳು. ನಾನೇ ಗಾಜಿಗೆ ಅಂಟಿ ನಿಂತೆ. "ಆ ಹೆಸರು ಹೇಳು ಅಂತ ಹೇಳು ಅವರಿಗೆ" ಅಂದೆ. ಅನೌನ್ಸರಮ್ಮ ನಗುತ್ತಾ ತಲೆ ಆಡಿಸಿದರು, ಹಲ್ಲು ತುಂಬ ಚೆನ್ನಾಗಿದೆ, ಬಸ್ಸು ತಪ್ಪಿಸಿಕೊಳ್ಳಬೇಡ ಎಂದರು. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ನನ್ನ ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವರು ಹೇಳಿದರು. ಹೇಳಿದ ಕೂಡಲೇ ಸಾಲಿನಲ್ಲಿದ್ದ ಒಬ್ಬಳು ಕಿಸಕ್ಕೆಂದಳು, ಅನೌನ್ಸರಮ್ಮನ ಕಿವಿ ಕೆಂಪಾಯಿತು. ನನಗೆ ಏನು ತಪ್ಪಾಯಿತು ಎಂದೇ ತಿಳಿಯಲಿಲ್ಲ, ನರ್ಸಕ್ಕನೇ ಬಿಡಿಸಿ ಹೇಳಬೇಕಾಯಿತು!

ಏನು ತಪ್ಪು ಗೊತ್ತಾ ಅಪ್ಪ? ಇವರ ಮಾತಿನಲ್ಲಿ ಒಂದು ಸದ್ದಿದೆ. ಮೇಲಿನ ಮುಂಹಲ್ಲಿನ ತುದಿ ಕೆಳತುಟಿಗೆ ತಾಗಬೇಕು, ಸಂದಿನಿಂದ ಗಾಳಿ ಸೋರಬೇಕು. ಫೋನು, ಫ್ಯಾನು, ಆಫೀಸು ಅನ್ನುವುದಕ್ಕೆ ನಿಜವಾಗಿ ಬೇಕಾದದ್ದು ಅದೇ. ನಾವು ಏನು ಮಾಡುತ್ತೇವೆ? ಎರಡೂ ತುಟಿ ಮುಚ್ಚಿ ಪೋನು, ಪ್ಯಾನು, ಆಪೀಸು ಎಂದು ಆರಾಮಾಗಿ ಇರುತ್ತೇವೆ. ಗಟ್ಟಿ ಹಲ್ಲಿರುವವರೂ ಹಾಗೇ, ನೀನು ಹಲ್ಲು ಕಟ್ಟಿಕೊಟ್ಟವರೂ ಹಾಗೇ. ಹಾಗಾಗಿ ನಿನ್ನ ಪರೀಕ್ಷೆಯಲ್ಲಿ ಅದೊಂದು ಇಲ್ಲ ಎಂದು ನಲವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಆ ಇನ್ನರ್ಧ ತಪ್ಪು ಇದೇ, ನಿನ್ನದು. ನಾನು ಕೂರಿಸಿದ ಹಲ್ಲು ಇವರ ತುಟಿಗೆ ತಾಗುವಷ್ಟು ಉದ್ದವಿಲ್ಲ, ಮುಂದಕ್ಕೂ ಇಲ್ಲ. ಅಕ್ಕಿಕಾಳು ಸಾಲದು. ಕೊನೆ ಸ್ಟಾಪಿನ ಹೆಸರು ಶುರುವಾಗುವುದೇ ಆ ಸದ್ದಿನಿಂದ, ನಡುವೆ ಇನ್ನೊಂದು ಸಲ ಬರುತ್ತದೆ. ಇವರ ಬಾಯಲ್ಲಿ ಆ ಹೆಸರು ಈಗ ಚಿಕ್ಕ ಮಕ್ಕಳ ತೊದಲಿನ ಹಾಗೆ ಕೇಳುತ್ತದಂತೆ. ಮೈಕಿನಲ್ಲಿ ದಿನಕ್ಕೆ ಹದಿನೆಂಟು ಸಲ ಹೇಳಬೇಕಾದ ಹೆಸರು!

ನರ್ಸಕ್ಕನ ಮೇಲೆ ಹಾರಿಬಿದ್ದೆ. ಅವಳು, "ನಂಗೆ ಕೇಳಿಸ್ತು ಅವತ್ತೇ. ಹೊಸ ಹಲ್ಲು, ವಾರಕ್ಕೆ ಸರಿಹೋಗುತ್ತೆ ಅಂದ್ಕೊಂಡೆ. ನೀನು ಅಷ್ಟು ಕುಣೀತಿದ್ದೆ, ಹೆಂಗೆ ಹೇಳ್ಲಿ?" ಅಂದಳು. ನಾನು ಅನೌನ್ಸರಮ್ಮನಿಗೆ, ಹಲ್ಲನ್ನು ನಾನೇ ತಪ್ಪಾಗಿ ಮಾಡಿದೆ ಅಂದೆ. ಅವರು ಇಲ್ಲ, ನನ್ನ ನಾಲಿಗೆಗೆ ವಯಸ್ಸಾಯಿತು ಅಂದರು. ನಾನು ಇಲ್ಲ ಅಂದೆ. ಅವರೂ ಇಲ್ಲ ಅಂದರು. ನರ್ಸಕ್ಕ ತಲೆ ಹಿಡಿದುಕೊಂಡು, "ತಪ್ಪು ನಂದು ನಂದು ಅಂತ ಇಬ್ರೂ ಕಿತ್ತಾಡಿದ್ರೆ ನಾನು ಯಾರ ಕಡೆ ಮಾತಾಡ್ಲಿ?" ಅಂದಳು.

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ದೊಡ್ಡ ಡಾಕ್ಟರ್ ಮೆಟ್ಟಿಲ ಮೇಲೆ ನಿಂತು, "ಬುಗುರಿ, ಹತ್ತು!" ಎಂದು ಕೂಗಿದರು. ನೀನಿಟ್ಟ ಅಡ್ಡಹೆಸರು ಅವರ ಬಾಯಿಗೂ ಹತ್ತಿದೆ. ನಾನು ಹೋಗಿ ಎಲ್ಲ ಹೇಳಿದೆ. ಆ ಫೋಟೋ ವರದಿಯಿಂದ ತೆಗೆದುಬಿಡಿ ಅಂತಲೂ ಹೇಳಿದೆ. "ನಾನೂರು ಬಾಯಿ ನೋಡಿದ್ದೀವಿ ಕಣೇ. ಒಂದು ಬಾಯಿಗೋಸ್ಕರ ವಿಮಾನ ಬಿಡ್ತೀಯಾ?" ಅಂದರು. ಹೂಂ ಅಂದೆ. "ನಿಮ್ಮಪ್ಪನಿಗೆ ಏನಂತ ಹೇಳ್ಲಿ?" ಅಂದರು. ಏನೂ ಹೇಳಬೇಡಿ, ನಾನೇ ಬರೀತೀನಿ ಅಂದೆ. ಅವರು ಡ್ರೈವರನ್ನು ಇಳಿಸಿ, ಬಸ್ಸಿನ ಹೊಟ್ಟೆಯಿಂದ ಪ್ಲಾಸ್ಟರಿನ ಪೆಟ್ಟಿಗೆ, ಮೇಣ, ಸ್ಟವ್ವು, ಉಳಿದಿದ್ದ ಒಂದು ಹಲ್ಲಿನ ಸೆಟ್ಟು ಎಲ್ಲ ತೆಗೆಸಿ ಕೊಟ್ಟರು. ತಮ್ಮ ಸ್ವೆಟರು ಬಿಚ್ಚಿ ನನ್ನ ತಲೆಯ ಮೇಲೆ ಎಸೆದರು. ಈ ತಿಂಗಳ ಕೊನೆಯವರೆಗೆ ಇಲ್ಲಿರಲು ನನಗೆ ಅನುಮತಿ ಇದೆ, ಅದರ ಚಿಂತೆ ಬೇಡ.

ಡ್ಯಾನ್ಸ್ ಹಾಲಿಗೆ ಬೀಗ ಬಿದ್ದಿತ್ತು. ನರ್ಸಕ್ಕನ ಅಡುಗೆಮನೆಯೇ ನಮ್ಮ ಕಾರ್ಖಾನೆಯಾಯಿತು. ಅವರ ಬಾಯಿಯ ಅಚ್ಚನ್ನು ನಾನು ಒಡೆದುಹಾಕಿರಲಿಲ್ಲ, ಸದ್ಯ. ಶನಿವಾರ ಭಾನುವಾರ ಅನೌನ್ಸರಮ್ಮ ಆ ಪುಟ್ಟ ಮೇಜಿನ ಮುಂದೆ ಕೂತು ಹದಿನಾಲ್ಕು ಸ್ಟಾಪುಗಳ ಪಟ್ಟಿಯನ್ನು ಎಷ್ಟು ಸಲ ಓದಿದರೋ ಲೆಕ್ಕವಿಲ್ಲ. ನಾನು ಮೇಣ ಬಿಸಿ ಮಾಡಿ, ಮುಂದಿನ ನಾಲ್ಕು ಹಲ್ಲನ್ನು ಕೂದಲೆಳೆಯಷ್ಟು ಕೆಳಗೆ, ಕೂದಲೆಳೆಯಷ್ಟು ಮುಂದೆ ಮಾಡುತ್ತಾ ಹೋದೆ. ಕಷ್ಟ ಏನೆಂದರೆ ನನ್ನ ಕಿವಿಗೆ ಎರಡು ಸದ್ದೂ ಒಂದೇ. ನರ್ಸಕ್ಕನನ್ನು ಕೇಳಿದರೆ ಕರುಣೆಯಿಂದ "ಚೆನ್ನಾಗಿದೆ" ಅಂದುಬಿಡುತ್ತಾಳೆ, ಅವಳನ್ನು ನಂಬುವ ಹಾಗಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು. ಅವರ ಬಾಯಿಯ ಮುಂದೆ ಮೇಣದಬತ್ತಿ ಹಚ್ಚಿಟ್ಟೆ. ತುಟಿ ಮುಚ್ಚಿ ಬಿಟ್ಟ ಸದ್ದಾದರೆ ಉರಿ ಫಕ್ಕನೆ ಆರುತ್ತದೆ. ಹಲ್ಲು ತುಟಿಗೆ ತಾಗಿ ಬಂದ ಸದ್ದಾದರೆ ಬರೀ ಬಾಗುತ್ತದೆ. ಹನ್ನೊಂದು ಸಲ ಆರಿತು. ಹನ್ನೆರಡನೇ ಸಲ ಬಾಗಿ ನಿಂತಿತು. ಅನೌನ್ಸರಮ್ಮ ಮೇಜಿನ ಮೇಲೆ ಎರಡೂ ಕೈ ಬಡಿದು ಆ ಹೆಸರನ್ನು ಮತ್ತೆ ಮತ್ತೆ ಹೇಳಿದರು. ನರ್ಸಕ್ಕನ ಅತ್ತೆ ಒಳಗಿಂದ, ಹೋಗೋದಾದ್ರೆ ಬೇಗ ಹೋಗಿ ಆ ಊರಿಗೆ ಎಂದು ಕೂಗಿದರಂತೆ. ಆ ಅಜ್ಜಿ ಈಗ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಅವರ ಒಳ್ಳೆಯ ಪಾತ್ರೆಯಲ್ಲಿ ಹಲ್ಲು ಬೇಯಿಸಿದೆ, ನೋಡು.

ಹೊಸ ಸೆಟ್ಟನ್ನು ನಿನ್ನೆ ಕೊಟ್ಟೆ. ನಿನ್ನ ಕಣ್ಣಿಗೆ ಸ್ವಲ್ಪ ಮೊಲವೇ. ಈಗ ಅವರು ಒಳಗೆ ಇದ್ದಾರೆ, ಪರೀಕ್ಷೆ ನಡೆಯುತ್ತಿದೆ. ಬಾಗಿಲಿನಲ್ಲಿ ನಿಂತು ಎಂಟು ಸಲ ಇಣುಕಿದ್ದಕ್ಕೆ ಕಾವಲಿನವನು ನನ್ನನ್ನು ಈ ಬೆಂಚಿಗೆ ಕಳಿಸಿದ. ಅದಕ್ಕೇ ಬರೆಯುತ್ತಿದ್ದೇನೆ. ಸೋತರೆ ಅವರು ಕೆಲಸ ಮುಗಿಯುವವರೆಗೂ ಆ ಗಾಜಿನ ಹಿಂದೆಯೇ, ಚೀಟಿಗಳ ಜೊತೆ. ಇನ್ನೊಂದು ಪರೀಕ್ಷೆ ಇಲ್ಲ.

ಇದರ ಮುಂದಿನದನ್ನು ಅಮ್ಮನಿಗೆ ಓದಿ ಹೇಳಬೇಡ. ಅವಳಿಗೆ ಆಗಲೇ ಗೊತ್ತಿದೆ.

ಅನೌನ್ಸರಮ್ಮನ ಮೇಲೆ ನನಗೆ ಎರಡು ದಿನ ಸಿಟ್ಟಿತ್ತು. ನಾನು ನೊಂದುಕೊಳ್ಳುತ್ತೇನೆ ಎಂದು ಸುಮ್ಮನೆ ಚೀಟಿ ಬರೆದುಕೊಂಡು ಕೂತರಲ್ಲ, ನಾನೇನು ಮುಟ್ಟಿದರೆ ಕರಗುವವಳಾ ಎಂದು. ಭಾನುವಾರ ನೀರು ಕುದಿಯುವುದನ್ನು ಕಾಯುತ್ತಾ ಕೂತಿದ್ದಾಗ ನನ್ನ ಮುಖವೇ ಬಿಸಿಯಾಯಿತು. ಒಂದೂವರೆ ವರ್ಷದಿಂದ ನಾನು ನಿನಗೆ ಮಾಡುತ್ತಿರುವುದೂ ಅದೇ.

ನಿನ್ನ ಬಲಗೈ ನಡುಗುತ್ತದೆ, ಅಪ್ಪ. ಚಾಕು ಬಿಸಿ ಮಾಡಿ ಮೇಣಕ್ಕೆ ತಾಗಿಸುವ ಹೊತ್ತಿಗೆ ಜಾಸ್ತಿ. ನೀನು ಊಟಕ್ಕೆ ಒಳಗೆ ಹೋದಾಗ, ನೀನು ಕೂರಿಸಿಟ್ಟ ಹಲ್ಲುಗಳನ್ನು ನಾನು ಮತ್ತೆ ಬಿಸಿ ಮಾಡಿ ನೆಟ್ಟಗೆ ಮಾಡುತ್ತಿದ್ದೆ. ನೀನು ಬಂದು ನೋಡಿ, "ಹೆಂಗೆ ಕೂತಿದೆ ನೋಡೇ" ಅನ್ನುತ್ತಿದ್ದೆ. ನಾನು "ಹೂಂ" ಅನ್ನುತ್ತಿದ್ದೆ. ಶಾಲೆಯಲ್ಲಿ ಹೆಡ್‌ಮಾಸ್ಟರ ಮುಖದ ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿ ಎದ್ದು ಬಂದವಳು ನಾನು. ನಿನ್ನ ಮುಂದೆ ಆ ಹೂಂ ಸುಳ್ಳು.

ವಿಮಾನ ಹತ್ತಿದರೆ ತಲೆ ಸುತ್ತುತ್ತೆ ಎಂದು ಹೇಳಿ ನನ್ನನ್ನು ಕಳಿಸಿದೆ. ನೀನು ಯಾವತ್ತು ವಿಮಾನ ಹತ್ತಿದ್ದೆ? ಅಮ್ಮ ಈಗ ನಿನ್ನ ಲೋಟವನ್ನು ಅರ್ಧ ಮಾತ್ರ ತುಂಬಿಸುತ್ತಾಳೆ, ಎರಡು ಸಲ ತಂದು ಕೊಡುತ್ತಾಳೆ. ಯಾಕೆ ಎಂದು ನೀನು ಕೇಳಿಲ್ಲ, ಅವಳೂ ಹೇಳಿಲ್ಲ. ಇನ್ನೂ ಒಂದು ಅನುಮಾನ ನನಗೆ. ಊಟಕ್ಕೆ ಹೋದವನು ಮೊದಲು ಹತ್ತು ನಿಮಿಷಕ್ಕೆ ಬಾಯಿ ಒರೆಸಿಕೊಂಡು ಬರುತ್ತಿದ್ದೆ, ಈಗೀಗ ಒಂದು ಗಂಟೆ ಬರುವುದಿಲ್ಲ. ನನಗೆ ಹೊತ್ತು ಸಾಲಲಿ ಎಂದೇ ಕೂತಿರುತ್ತೀಯಾ ಒಳಗೆ? ಹಾಗಿದ್ದರೆ ನಾವಿಬ್ಬರೂ ಸೇರಿ ಒಳ್ಳೇ ನಾಟಕ ಆಡಿದ್ದೇವೆ. ನಾನು ಬಂದ ಮೇಲೆ ಅದು ಬೇಡ. ಚಾಕು ನಾನು ಹಿಡಿಯುತ್ತೇನೆ. ನೀನು ಪಕ್ಕದಲ್ಲಿ ಕೂತು ಬೈಯುತ್ತಿರು. ಊಟ ಬಿಸಿ ಇರುವಾಗ ಮೂವರೂ ಒಟ್ಟಿಗೆ ಮಾಡೋಣ. ಡಾಕ್ಟರ ಹತ್ತಿರ ಒಂದು ಸಲ ಕೈ ತೋರಿಸು, ಹಲ್ಲಿನ ಡಾಕ್ಟರಿಗಲ್ಲ.

ಬರೆದುಬಿಟ್ಟೆ. ಇದರಲ್ಲಿ ಒಂದು ಸಾಲನ್ನೂ ಹೊಡೆದುಹಾಕುವುದಿಲ್ಲ.

ಕೋಪ ಮಾಡಿಕೊಂಡರೂ ಊಟ ಬಿಡದಿರುವ ನಿನ್ನ ಒಳ್ಳೆಯ ಬುದ್ಧಿಯನ್ನು ನಂಬಿರುವ,

ನಿನ್ನ ಬುಗುರಿ

ತಾ.ಕ.: ಗಂಟೆ ಹನ್ನೊಂದು. ಈಗಷ್ಟೇ ಸ್ಪೀಕರಿನಲ್ಲಿ ದನಿ ಬಂತು. ಎಂಟು ತಿಂಗಳಿಂದ ಮೈಕು ಹಿಡಿದಿದ್ದವಳ ದನಿಯಲ್ಲ, ಅನೌನ್ಸರಮ್ಮನದು. ಒಂದೊಂದಾಗಿ ಹದಿನಾಲ್ಕು ಸ್ಟಾಪು. ಕೊನೆಯ ಹೆಸರು ಬರುವಾಗ ನಾನು ಸುತ್ತಲಿನವರ ಮುಖ ನೋಡಿದೆ. ಯಾರೂ ನಗಲಿಲ್ಲ. ಯಾರೂ ತಲೆಯೇ ಎತ್ತಲಿಲ್ಲ. ಚೀಲ ಎತ್ತಿಕೊಂಡು ನೇರ ಆ ಬಸ್ಸಿನ ಕಡೆಗೆ ಹೋದರು. ಸೋಮವಾರದಿಂದ ಬೆಳಗಿನ ಪಾಳಿ ಅವರದು! ಒಳಗಿಂದ ಓಡಿ ಬಂದು ಹೇಳಿದರು, ನೀಲಿ ಕೋಟಿನ ಗುಂಡಿ ತಪ್ಪಿ ಹಾಕಿಕೊಂಡಿದ್ದಾರೆ, ಈಗ ನನ್ನ ಪಕ್ಕದಲ್ಲೇ ಕೂತಿದ್ದಾರೆ.

ಆದರೆ ಒಂದು ಎಡವಟ್ಟಾಗಿದೆ. ಕೊನೆ ಸ್ಟಾಪಿನ ಸದ್ದನ್ನು ಸರಿಮಾಡುವ ಭರದಲ್ಲಿ ನಿನ್ನ ಸದ್ದನ್ನು ಕೆಡಿಸಿದ್ದೇನೆ. ಹಲ್ಲು ಮುಂದೆ ಹೋದದ್ದಕ್ಕೆ ಈಗ ಪ್ರತಿ 'ಸ'ಕ್ಕೂ ಸಣ್ಣ ಸಿಳ್ಳೆ ಬರುತ್ತಿದೆ. ಮೇಲಿನವರು ಸುಮ್ಮನಿದ್ದಾರೆ, ಡ್ರೈವರುಗಳು ಮಾತ್ರ, "ಸಿಳ್ಳೆ ಹೊಡೆಯೋದು ಕಂಡಕ್ಟರ್ ಕೆಲಸ, ನೀವ್ಯಾಕೆ ಅಮ್ಮ" ಎಂದು ಶುರುಮಾಡಿದ್ದಾರಂತೆ. ಹಲ್ಲಿನ ಹಿಂದೆ ಕೆರೆಯಬೇಕಾ, ಅಥವಾ ಸ್ವಲ್ಪ ಸೇರಿಸಬೇಕಾ? ಯಾವ ಹಲ್ಲಿನ ಹಿಂದೆ? ಸಿಳ್ಳೆ ಕೇಳಿಯೇ ಜಾಗ ಹೇಳುವವನು ನೀನೊಬ್ಬನೇ, ನನಗೆ ಇನ್ನೂ ಅಷ್ಟು ಬಂದಿಲ್ಲ. ಈ ಕಾಗದ ಓದಿದ ಕೂಡಲೇ, ಸಿಟ್ಟಿದ್ದರೂ ಸರಿ, ನರ್ಸಕ್ಕನ ನಂಬರಿಗೆ ಫೋನು ಮಾಡು. ಅನೌನ್ಸರಮ್ಮನನ್ನು ಕರೆಸುತ್ತೇನೆ. ಸೊಸೆ ಸಂತೆಯಿಂದ ಸಾಸಿವೆ ತಂದಳು ಎಂದು ಅವರೇ ನಿನಗೆ ಹೇಳುತ್ತಾರೆ. ನೀನು ಕೇಳಿ ಹೇಳುವವರೆಗೂ ನಾನು ಚಾಕು ಮುಟ್ಟುವುದಿಲ್ಲ.